ಓಡಾಡುತ್ತಲೇ ಉಳಿಯಬೇಕಾದ ಕಾರುಗಳು

1963ರ ಆರಂಭದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ ಎಲ್ಲ ವಿಭಾಗಗಳಿಗೂ ರೇಸಿನಿಂದ ದೂರವಿರಬೇಕೆಂದು ಆದೇಶ ಕೊಟ್ಟಿತು. ರೇಸಿನ ಗೆಲುವುಗಳನ್ನು ತೋರಿಸಿಯೇ ಎಳೆಯರನ್ನು ಸೆಳೆಯುತ್ತಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದು ದೊಡ್ಡ ಪೆಟ್ಟು. ಅಲ್ಲಿನ ಮುಖ್ಯ ಎಂಜಿನಿಯರ್ ಜಾನ್ ಡೆಲೋರಿಯನ್, ಜೊತೆಯ ಬಿಲ್ ಕಾಲಿನ್ಸ್ ಮತ್ತು ರಸ್ ಗೀ ಸೇರಿ ಒಂದು ದಾರಿ ಹುಡುಕಿದರು. ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಕಾರಿನಲ್ಲಿ ಕೂರುತ್ತಿದ್ದ 326 ಕ್ಯೂಬಿಕ್ ಇಂಚಿನ ಎಂಜಿನ್ನಿಗೂ, ದೊಡ್ಡ ಕಾರುಗಳ 389 ಕ್ಯೂಬಿಕ್ ಇಂಚಿನ ಎಂಜಿನ್ನಿಗೂ ಹೊರ ಅಳತೆ ಒಂದೇ. ಒಂದನ್ನು ಇಳಿಸಿ ಇನ್ನೊಂದನ್ನು ಕೂರಿಸಲು ಅಡ್ಡಿಯಿರಲಿಲ್ಲ. ಮಧ್ಯಮ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಕಂಪನಿಯ ನಿಯಮ ಮಾತ್ರ ಅಡ್ಡ ಬರುತ್ತಿತ್ತು. ಆದ್ದರಿಂದ ಅದನ್ನು ಹೊಸ ಮಾದರಿ ಎನ್ನದೆ, ಸುಮಾರು 295 ಡಾಲರಿನ ಹೆಚ್ಚುವರಿ ಸಲಕರಣೆ ಎಂದು ಪಟ್ಟಿಗೆ ಸೇರಿಸಿದರು. ಹೀಗೆ ಹುಟ್ಟಿದ್ದು 1964ರ ಜಿಟಿಒ. 5,000 ಕಾರು ಮಾರಾಟವಾದರೆ ಸಾಕು ಎಂದುಕೊಂಡಿದ್ದರು. ಆ ವರ್ಷ 32,450 ಹೋದವು. ಎರಡೇ ವರ್ಷದಲ್ಲಿ, 1966ರ ಮಾದರಿಯ ಹೊತ್ತಿಗೆ, ಅದು ತನ್ನದೇ ಹೆಸರಿನ ಪ್ರತ್ಯೇಕ ಮಾದರಿಯಾಗಿ 96,946ಕ್ಕೆ ಏರಿತು.

ಈ ಹುಟ್ಟಿನ ಕಥೆಯಲ್ಲೇ ಇಂದಿನ ನನ್ನ ವಾದಕ್ಕೆ ಮೊದಲ ಸಾಕ್ಷ್ಯವಿದೆ. ಎಂಜಿನ್ ಏನೋ ದೊಡ್ಡ ಕಾರಿನಿಂದ ಬಂತು, ಆದರೆ ಬ್ರೇಕು ಬರಲಿಲ್ಲ. 325 ಅಶ್ವಶಕ್ತಿಯ ಆ ಕಾರನ್ನು ನಿಲ್ಲಿಸಲು ನಾಲ್ಕೂ ಚಕ್ರಗಳಿಗೆ ಇದ್ದದ್ದು ಸಾಧಾರಣ ಟೆಂಪೆಸ್ಟಿನ ಒಂಬತ್ತೂವರೆ ಇಂಚಿನ ಡ್ರಮ್ಮುಗಳು. ಜೋರಿನಲ್ಲಿ ಎರಡು ಮೂರು ಸಲ ಬ್ರೇಕು ಒತ್ತಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಬ್ರೇಕ್ ಶೂಗಳು ಅದನ್ನು ಮುಟ್ಟಲು ಇನ್ನಷ್ಟು ದೂರ ಸರಿಯಬೇಕಾಗುತ್ತದೆ, ಪೆಡಲು ಕಾಲಡಿಯಲ್ಲಿ ಇಳಿಯುತ್ತ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಅಂದಿನ ಪತ್ರಿಕೆಗಳ ಪರೀಕ್ಷಕರೂ ಈ ದೂರು ಹೇಳಿದ್ದರು. ಮೇಲಾಗಿ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಯಾವುದೋ ಒಂದು ಚಕ್ರದ ಬಳಿ ಹೋಸು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಕೈಕೊಡುತ್ತದೆ. ಎರಡು ಕೋಣೆಯ ಸಿಲಿಂಡರೂ, ಬೇಕೆಂದು ಕೇಳಿದವರಿಗೆ ಮುಂದಿನ ಚಕ್ರಗಳ ಡಿಸ್ಕ್ ಬ್ರೇಕೂ ಜಿಟಿಒಗೆ ಬಂದದ್ದು 1967ರ ಮಾದರಿಯಲ್ಲಿ. ಮಧ್ಯೆ 1965ರಲ್ಲಿ ರಾಲ್ಫ್ ನೇಡರ್ ಅವರ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಬಂದಿತ್ತು, 1966ರಲ್ಲಿ ವಾಹನ ಸುರಕ್ಷತೆಯ ಕಾನೂನು ಬಂದಿತ್ತು. ಅಂದರೆ ಈ ಕಾರು ಕಾರ್ಖಾನೆಯಿಂದ ಹೊರಬಿದ್ದಾಗಲೇ ಅರ್ಧ ಕೆಲಸದ ಕಾರು. ಅದರ ಕೊರತೆ ಅದನ್ನು ಮಾಡಿದವರಿಗೇ ಗೊತ್ತಿತ್ತು, ಮೂರು ವರ್ಷದಲ್ಲಿ ಅವರೇ ತುಂಬಿಕೊಟ್ಟರು. ಹಾಗಿರುವಾಗ ಇಂತಹ ಕಾರನ್ನು ದಿನನಿತ್ಯ ಓಡಿಸಲು ಬಯಸುವವರು ಬ್ರೇಕು, ಬೆಲ್ಟು, ಟಯರು, ಸ್ಟಿಯರಿಂಗುಗಳನ್ನು ಇಂದಿನ ಮಟ್ಟಕ್ಕೆ ತರುವುದು ಚರಿತ್ರೆಗೆ ಮಾಡುವ ಅಪಚಾರವಲ್ಲ. ಆ ಚರಿತ್ರೆಯ ಮುಂದುವರಿಕೆ. ಆದರೆ ಅದಕ್ಕೊಂದು ಕ್ರಮವಿರಬೇಕು. ನಿಲ್ಲಿಸುವ ಕೆಲಸ ಮೊದಲು, ಓಟದ ಕೆಲಸ ಕೊನೆಗೆ.

ದೊಡ್ಡ ಎಂಜಿನ್ನಿನ ಇಂತಹ ಕಾರುಗಳ ವೈಭವದ ಕಾಲ ಹತ್ತು ವರ್ಷವೂ ಇರಲಿಲ್ಲ. 1970ರಲ್ಲಿ ಶೆವೆಲ್ ಎಸ್‌ಎಸ್ 454 ಎಂಬ ಕಾರಿನ ಒಂದು ಎಂಜಿನ್ 450 ಅಶ್ವಶಕ್ತಿ ಎಂದು ಘೋಷಿಸಿಕೊಂಡಿತು. ಅದೇ ವರ್ಷ ಅಮೆರಿಕ ಶುದ್ಧ ಗಾಳಿಯ ಕಾನೂನನ್ನು ಬಿಗಿ ಮಾಡಿತು. ವಿಮಾ ಕಂಪನಿಗಳು ಯುವಕರ ಕಂತು ಏರಿಸಿದವು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಲೆಂದು 1971ರಲ್ಲಿ ಜನರಲ್ ಮೋಟಾರ್ಸ್ ಎಂಜಿನ್ನುಗಳ ಕಂಪ್ರೆಶನ್ ಇಳಿಸಿತು. 1973ರ ಅಕ್ಟೋಬರಿನ ತೈಲ ನಿರ್ಬಂಧ ಉಳಿದದ್ದನ್ನು ಮುಗಿಸಿತು. 1974ರ ಜಿಟಿಒ ಮಾರಾಟವಾದದ್ದು ಬರೀ 7,058. ಪಾಂಟಿಯಾಕ್ ಎಂಬ ಹೆಸರೇ 2010ರಲ್ಲಿ ಅಳಿಯಿತು.

ಆಮೇಲೆ ಈ ಕಾರುಗಳು ಎರಡು ಬಗೆಯ ಪ್ರೇಮಿಗಳ ಕೈಗೆ ಬಿದ್ದವು. ಒಂದು ಬಗೆಯವರು ಕಾರ್ಖಾನೆಯ ದಾಖಲೆ ಹಿಡಿದು, ಎಂಜಿನ್ ಮೇಲೆ ಒತ್ತಿದ ಸಂಖ್ಯೆಯೂ ಕಾರಿನ ಸಂಖ್ಯೆಯೂ ತಾಳೆಯಾಗುತ್ತವೆಯೇ ಎಂದು ನೋಡಿ, ಬೋಲ್ಟಿನ ಬಣ್ಣವೂ ತಪ್ಪದಂತೆ ಮರಳಿ ಕಟ್ಟಿದರು. ಅವರ ಶ್ರದ್ಧೆ ದೊಡ್ಡದು, ಆದರೆ ಹಾಗೆ ಕಟ್ಟಿದ ಕಾರು ಟ್ರೈಲರಿನ ಮೇಲೆ ಪ್ರದರ್ಶನಕ್ಕೆ ಹೋಗಿ ಟ್ರೈಲರಿನ ಮೇಲೇ ಮನೆಗೆ ಬರುತ್ತಿತ್ತು. ಇನ್ನೊಂದು ಬಗೆಯವರು 1980ರ ದಶಕದಲ್ಲಿ ಹಿಂಭಾಗದ ಚಾಸಿಯನ್ನು ಕತ್ತರಿಸಿ ರೋಲರಿನಷ್ಟು ಅಗಲದ ಟಯರು ಹಾಕಿದರು, ಬಾನೆಟ್ಟನ್ನು ಸೀಳಿ ಸೂಪರ್‌ಚಾರ್ಜರ್ ಕೂರಿಸಿದರು. ಆ ಕಾರುಗಳೂ ರಸ್ತೆಗೆ ಬಂದದ್ದು ಅಪರೂಪವೇ. ಈ ಎರಡು ತುದಿಗಳ ನಡುವೆ 1990ರ ದಶಕದಲ್ಲಿ ಮೂರನೆಯ ದಾರಿ ತೆರೆಯಿತು. ಜನರಲ್ ಮೋಟಾರ್ಸಿನ ಎಂಜಿನಿಯರ್ ಮಾರ್ಕ್ ಸ್ಟೀಲೋ ಮೊದಲಾದವರು 1969ರ ಕಮಾರೊಗಳಿಗೆ ಇಂದಿನ ಬ್ರೇಕು, ಸಸ್ಪೆನ್ಷನ್ನು ಹಾಕಿ, ವನ್ ಲ್ಯಾಪ್ ಆಫ್ ಅಮೆರಿಕದಂತಹ ಸಾವಿರಾರು ಮೈಲಿಯ ಓಟಕ್ಕೆ ಇಳಿಸಿದರು. ಹೊಳಪಿಗಿಂತ, ಗದ್ದಲಕ್ಕಿಂತ ದೂರದ ಓಟವನ್ನು ಅಳತೆಗೋಲಾಗಿ ಹಿಡಿದದ್ದು ಇವರ ದೊಡ್ಡ ಕೊಡುಗೆ. ಇಂದು ಪ್ರೊ ಟೂರಿಂಗ್, ರೆಸ್ಟೊಮಾಡ್ ಎಂದು ಕರೆಯುವ ಕಟ್ಟುಗಾರಿಕೆಯ ಬೇರು ಇಲ್ಲಿದೆ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ತುಕ್ಕು. ವಿಂಡ್‌ಶೀಲ್ಡಿನ ಬುಡ, ಹಿಂದಿನ ಗಾಜಿನ ಸುತ್ತು, ಕಾಲಡಿಯ ತಗಡು, ಡಿಕ್ಕಿಯ ನೆಲ, ಇಲ್ಲೆಲ್ಲ ನೀರು ನಿಂತು ಒಳಗಿಂದ ತಿಂದಿರುತ್ತದೆ. ಬಣ್ಣದ ಮೇಲೆ ಒಂದು ಗುಳ್ಳೆ ಕಂಡರೆ ಕೆಳಗೆ ಅಂಗೈಯಗಲ ತಗಡು ಹೋಗಿದೆ ಎಂದೇ ತಿಳಿಯಬೇಕು. ಪುಟ್ಟಿ ಮೆತ್ತಿ ಮುಚ್ಚದೆ, ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಬೇಕು. ಆಮೇಲೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರು, ಮುಂದಕ್ಕೆ ಡಿಸ್ಕು, ಹಿಂದಿನ ಚಕ್ರ ಮೊದಲೇ ಕಚ್ಚಿಕೊಳ್ಳದಂತೆ ಒತ್ತಡ ಹಂಚುವ ವಾಲ್ವು. ಆಮೇಲೆ ಟಯರು. ಇಲ್ಲೊಂದು ಸೂಕ್ಷ್ಮವಿದೆ. 1964ರ ಕಾರಿನ ವೀಲ್ ಅಲೈನ್‌ಮೆಂಟಿನ ಅಳತೆಗಳು ಅಂದಿನ ಬಯಾಸ್ ಪ್ಲೈ ಟಯರಿಗೆ ಬರೆದವು. ರೇಡಿಯಲ್ ಟಯರು ಹಾಕಿ ಹಳೆಯ ಪುಸ್ತಕದ ಅಳತೆಯನ್ನೇ ಇಟ್ಟರೆ ಕಾರು ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ, ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುವುದಿಲ್ಲ. ಕ್ಯಾಸ್ಟರ್ ಕೋನವನ್ನು ಹೆಚ್ಚಿಸಿಕೊಡಬೇಕು. ತಿರುವಿನಲ್ಲಿ ಕಾರು ವಾಲಿದಾಗ ಮುಂದಿನ ಚಕ್ರವೂ ಹೊರಕ್ಕೆ ವಾಲುವುದು ಈ ಚಾಸಿಯ ಹುಟ್ಟುದೋಷ. ಉದ್ದನೆಯ ಸ್ಪಿಂಡಲ್ ಹಾಕಿ ಅದನ್ನು ಸರಿಪಡಿಸುತ್ತಾರೆ. ಭುಜದ ಬೆಲ್ಟಿನ ಕೆಲಸ ಇದಕ್ಕಿಂತ ಕಷ್ಟ. ನಡುಗಂಬವಿಲ್ಲದ ಹಾರ್ಡ್‌ಟಾಪ್ ಮಾದರಿಗಳಲ್ಲಿ ಬೆಲ್ಟಿನ ಮೇಲ್ತುದಿಯನ್ನು ಚಾವಣಿಯ ಅಂಚಿಗೇ ಬಿಗಿಯಬೇಕು. ಅಲ್ಲಿನ ತಗಡಿನ ಹಿಂದೆ ದಪ್ಪ ಉಕ್ಕಿನ ಪಟ್ಟಿ ಕೊಡದೆ ಬೋಲ್ಟು ಹಾಕಿದರೆ ಆಪತ್ತಿನ ಹೊತ್ತಿಗೆ ಅದು ಕಿತ್ತು ಬರುತ್ತದೆ.

ಗೇರ್ ಬಾಕ್ಸಿನ ವಿಷಯದಲ್ಲಿ ಲೆಕ್ಕವೇ ಮಾತಾಡುತ್ತದೆ. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೇಲಿನ ಗೇರು ಒಂದಕ್ಕೊಂದು. ಹಿಂದಿನ ಆಕ್ಸಲಿನ ಅನುಪಾತ 3.55, ಟಯರಿನ ಎತ್ತರ 26 ಇಂಚು ಎಂದಿಟ್ಟುಕೊಂಡರೆ, ಗಂಟೆಗೆ 70 ಮೈಲಿ, ಅಂದರೆ 113 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗುತ್ತದೆ. 0.68 ಅನುಪಾತದ ಐದನೇ ಗೇರು ಇರುವ ಇಂದಿನ ಪೆಟ್ಟಿಗೆ ಹಾಕಿದರೆ ಅದೇ ವೇಗಕ್ಕೆ 2,200 ಸುತ್ತು ಸಾಕು. ಸದ್ದು, ಸವೆತ, ಪೆಟ್ರೋಲು ಮೂರೂ ಇಳಿಯುತ್ತವೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು, ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸುವುದು, ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಹೋಸುಗಳನ್ನೆಲ್ಲ ಬದಲಿಸುವುದು, ಇವು ವಿವಾದವೇ ಇಲ್ಲದ ಕೆಲಸಗಳು.

ವಿವಾದ ಇರುವುದು ಎಂಜಿನ್ ಬಗ್ಗೆ: ಹಳೆಯದನ್ನು ಇಳಿಸಿ ಹೊಸದನ್ನು ಹಾಕಬೇಕೇ ಎಂಬುದು. 1997ರಲ್ಲಿ ಕಾರ್ವೆಟ್ ಕಾರಿನೊಂದಿಗೆ ಬಂದ ಎಲ್‌ಎಸ್1 ಎಂಜಿನ್, 5.7 ಲೀಟರ್, ಅಲ್ಯೂಮಿನಿಯಂ ಬ್ಲಾಕ್, 345 ಅಶ್ವಶಕ್ತಿ. ಹಳೆಯ ಎರಕದ ಕಬ್ಬಿಣದ ಎಂಜಿನ್ನಿಗಿಂತ ಬಹಳ ಹಗುರ. 325ಕ್ಕೂ 345ಕ್ಕೂ ಅಂತರ ಇಷ್ಟೇ ತಾನೆ ಎನ್ನುವಂತಿಲ್ಲ. 1972ಕ್ಕೆ ಮುಂಚಿನ ಅಮೆರಿಕದ ಅಂಕಿಗಳು ಸೈಲೆನ್ಸರ್, ಆಲ್ಟರ್ನೇಟರ್ ಯಾವುದೂ ಇಲ್ಲದ ಬರಿಯ ಎಂಜಿನ್ನನ್ನು ಬೆಂಚಿನ ಮೇಲೆ ಅಳೆದವು. ಆಮೇಲಿನವು ಅವೆಲ್ಲ ಜೋಡಿಸಿದ ಎಂಜಿನ್ನಿನವು. ಹೀಗಾಗಿ ನಿಜವಾದ ಅಂತರ ದೊಡ್ಡದು. ಆದರೂ ಮೂಲ ಎಂಜಿನ್ ಉಳಿದಿದ್ದರೆ ಅದನ್ನು ಇಳಿಸಬೇಡಿ ಎಂಬುದೇ ನನ್ನ ನಿಲುವು. 389 ಎಂಜಿನ್ನಿನ ಕಂಪ್ರೆಶನ್ 10.75ಕ್ಕೆ ಒಂದು, ಇಂದಿನ ಪಂಪಿನ ಪೆಟ್ರೋಲಿಗೆ ಅದು ನಾಕ್ ಮಾಡುತ್ತದೆ ಎಂಬುದು ನಿಜ. ಅದಕ್ಕೆ ಪರಿಹಾರ ಎಂಜಿನ್ನನ್ನೇ ಬಿಸಾಡುವುದಲ್ಲ. ಕಂಪ್ರೆಶನ್ ಇಳಿಸಿ, ಸೀಸರಹಿತ ಪೆಟ್ರೋಲಿಗೆ ತಾಳುವ ಗಟ್ಟಿ ವಾಲ್ವ್ ಸೀಟುಗಳನ್ನು ಹಾಕಿಸುವುದು. ಕಾರ್ಬ್ಯುರೇಟರಿನ ಜಾಗದಲ್ಲೇ ಕೂರುವ ಫ್ಯುಯೆಲ್ ಇಂಜೆಕ್ಷನ್ ಇಂದು ಸಿಗುತ್ತದೆ, ಬೇಡವಾದರೆ ಒಂದು ಮಧ್ಯಾಹ್ನದಲ್ಲಿ ತೆಗೆಯಬಹುದು. ಮೂಲ ಎಂಜಿನ್ ಎಂದೋ ಕಳೆದುಹೋಗಿ ಬರಿಯ ಬಾಡಿ ಸಿಕ್ಕಿದ್ದರೆ ಮಾತು ಬೇರೆ. ಅಲ್ಲಿ ಎಲ್‌ಎಸ್ ಹಾಕುವವರನ್ನು ನಾನು ತಡೆಯಲಾರೆ.

ಮೂಲವನ್ನು ಮುಟ್ಟಲೇಬಾರದು ಎನ್ನುವವರ ಆಕ್ಷೇಪಕ್ಕೆ ತೂಕವಿದೆ. 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ 1968ರ ಮಸ್ಟಾಂಗ್ 1974ರಿಂದ ಒಂದೇ ಕುಟುಂಬದಲ್ಲಿದ್ದು, ಗೀರು, ಡೊಂಕು, ಚಿತ್ರೀಕರಣದ ಗುರುತುಗಳ ಸಮೇತ 2020ರ ಜನವರಿಯಲ್ಲಿ 34 ಲಕ್ಷ ಡಾಲರಿನ ಕೂಗಿಗೆ ಹರಾಜಾಯಿತು. ಅಂತಹ ಕಾರಿಗೆ ಹೊಸ ಬಣ್ಣ ಬಳಿಯುವುದೂ ಅನ್ಯಾಯ. 1971ರ ಹೆಮಿ ಕುಡಾ ಕನ್ವರ್ಟಿಬಲ್ ತಯಾರಾದದ್ದೇ ಹನ್ನೊಂದು. ಅವು ಇದ್ದಂತೆಯೇ ಇರಲಿ. ಆದರೆ 1966ರ ಜಿಟಿಒಗಳು 97 ಸಾವಿರದ ಹತ್ತಿರ, 1969ರ ಕಮಾರೊಗಳು 2,43,000 ತಯಾರಾದವು. ಅವನ್ನೆಲ್ಲ ವಸ್ತುಸಂಗ್ರಹಾಲಯ ಸಾಕಲಾರದು. ಓಡದೆ ನಿಂತ ಕಾರಿನ ಸೀಲುಗಳು ಒಣಗುತ್ತವೆ, ಟ್ಯಾಂಕು ತುಕ್ಕು ಹಿಡಿಯುತ್ತದೆ, ಕೊನೆಗೆ ಗುಜರಿಗೆ ಹೋಗುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾದ ಟ್ಯೂರಿನ್ ಸನ್ನದು ಕೂಡ ಸುರಕ್ಷತೆಗಾಗಿ ಅನಿವಾರ್ಯವಾದ ಬದಲಾವಣೆಯನ್ನು ಅಲ್ಲಗಳೆಯುವುದಿಲ್ಲ; ಅದು ಮತ್ತೆ ಹಿಂದಿನಂತೆ ಮಾಡಲು ಬರುವಂತಿರಲಿ, ತೆಗೆದ ಮುಖ್ಯ ಭಾಗಗಳನ್ನು ಕಾರಿನೊಂದಿಗೇ ಕಾಪಾಡಿ ಎನ್ನುತ್ತದೆ. ಬೋಲ್ಟು ಬಿಚ್ಚಿ ಬದಲಿಸಿದ್ದು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಕತ್ತರಿಸಿ ಬದಲಿಸಿದ್ದು ಸೋಲುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಏನೇ ಮಾಡಿದರೂ ಇವು ಇಂದಿನ ಕಾರಿನಷ್ಟು ಸುರಕ್ಷಿತವೇ? ಅಲ್ಲ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಮಾಲಿಬು ಕಾರನ್ನೂ ಗಂಟೆಗೆ 40 ಮೈಲಿ ವೇಗದಲ್ಲಿ ಎದುರುಬದುರು ಢಿಕ್ಕಿ ಹೊಡೆಸಿತು. ಹಳೆಯ ಕಾರಿನ ಚಾಲಕನ ಜಾಗ ನಜ್ಜುಗುಜ್ಜಾಯಿತು; ಹೊಸದರ ಚಾಲಕ ಕಾಲಿನ ಸಣ್ಣ ಗಾಯದೊಂದಿಗೆ ಹೊರಬರಬಹುದಾಗಿತ್ತು. ಹೊಡೆತವನ್ನು ನುಂಗುವ ಮೂತಿಯನ್ನೂ ಏರ್‌ಬ್ಯಾಗನ್ನೂ ಯಾವ ಗ್ಯಾರೇಜೂ 1964ರ ಕಾರಿಗೆ ತಂದುಕೊಡಲಾರದು. ಬ್ರೇಕು ಢಿಕ್ಕಿಯನ್ನು ತಪ್ಪಿಸಬಹುದು, ಬೆಲ್ಟು ಎದೆಯನ್ನು ಸ್ಟಿಯರಿಂಗಿನಿಂದ ದೂರ ಇಡಬಹುದು, ಅಷ್ಟೇ. ಶಕ್ತಿ ಕೊನೆಗೆ ಬರಲಿ ಎಂದು ನಾನು ಹೇಳುವುದಕ್ಕೆ ಕಾರಣ ಇದೇ: ಹಳೆಯ ಹಂದರಕ್ಕೆ ಹೊಸ ವೇಗ ಕೊಡುವುದೆಂದರೆ 1964ರ ತಪ್ಪನ್ನು ತಿಳಿದೂ ಮತ್ತೆ ಮಾಡಿದಂತೆ. ಹೊಗೆಯ ಬಗ್ಗೆ ಆಕ್ಷೇಪಿಸುವವರಿಗೂ ಪೂರ್ತಿ ಉತ್ತರವಿಲ್ಲ. ಇಂಜೆಕ್ಷನ್ನೂ ಕ್ಯಾಟಲಿಟಿಕ್ ಕನ್ವರ್ಟರೂ ಹೊಗೆಯನ್ನು ಇಳಿಸುತ್ತವೆ, ಇಲ್ಲವಾಗಿಸುವುದಿಲ್ಲ. ಆ ಎರಡನ್ನೂ ಹಾಕಿಸಿಕೊಳ್ಳುವುದು ಊರಿನ ಗಾಳಿಯಲ್ಲಿ ಕಾರು ಓಡಿಸುವವರ ಕರ್ತವ್ಯ.

ನಮ್ಮ ಭಾರತದಲ್ಲಿ ಇಂತಹ ಬದಲಾವಣೆಗಳಿಗೆ ದಾರಿ ಇಕ್ಕಟ್ಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2021ರ ನಿಯಮಗಳು 50 ವರ್ಷ ದಾಟಿದ ಕಾರುಗಳಿಗೆ ವಿಎ ಅಕ್ಷರಗಳ ಪ್ರತ್ಯೇಕ ನೋಂದಣಿ ಕೊಟ್ಟವು, ಆದರೆ ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ ಬದಲಿಸಬಾರದೆಂಬ ನಿರ್ಬಂಧ ಸರಿಯೇ. ಆದರೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರು, ಡಿಸ್ಕ್ ಬ್ರೇಕು, ಭುಜದ ಬೆಲ್ಟು ಹಾಕಿಸಿದ ಹಳೆಯ ಕಾರನ್ನು ಪರೀಕ್ಷಿಸಿ, ಪ್ರಮಾಣಪತ್ರ ಕೊಟ್ಟು, ನಿತ್ಯದ ಓಡಾಟಕ್ಕೆ ಬಿಡುವ ಸ್ಪಷ್ಟ ವ್ಯವಸ್ಥೆಯೊಂದನ್ನು ಸಾರಿಗೆ ಸಚಿವಾಲಯ ಮಾಡಬೇಕು. ಅದು ಬರುವವರೆಗೆ ಇಲ್ಲಿರುವವರು ಸ್ಪ್ಯಾನರ್ ಎತ್ತಿಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. ಅಮೆರಿಕದಲ್ಲಿದ್ದು ಇಂತಹ ಕಾರು ಕೊಂಡಿರುವ ಕನ್ನಡಿಗರಿದ್ದರೆ, ಎಂಜಿನ್ನಿಗೆ ಹಣ ಹಾಕುವ ಮುನ್ನ ಬ್ರೇಕಿಗೆ ಹಾಕಿ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಮುಂದೆ ಆ ಕಾರನ್ನು ಕೊಳ್ಳುವವರಿಗಾಗಿ ಎತ್ತಿಡಿ.