ವಿಮಾನ ಚಾಲನ ವಿದ್ಯೆ ಮತ್ತು ವೃತ್ತಿ

(ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಹೋತ್ಸವದ ಈ ಗೋಷ್ಠಿಯಲ್ಲಿ ವಿಮಾನ ನಡೆಸುವ ವಿದ್ಯೆಯನ್ನು ಕುರಿತು ಎರಡು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಅನೇಕ ವರ್ಷ ಈ ವಿದ್ಯೆಯನ್ನು ಕಲಿಸುವ ಕೆಲಸದಲ್ಲಿದ್ದವನಾದುದರಿಂದ ಅದರ ಸೊಬಗನ್ನು ವರ್ಣಿಸುವುದು ನನಗೆ ಕಷ್ಟವಲ್ಲ. ಆದರೆ ಇಲ್ಲಿ ನೆರೆದವರಲ್ಲಿ ಬಹುಮಂದಿ ಒಕ್ಕಲುತನದ ಮನೆಗಳವರು, ಸಣ್ಣ ವ್ಯಾಪಾರಸ್ಥರು, ಶಾಲೆಯ ಉಪಾಧ್ಯಾಯರು. ಮಗನೋ ಮಗಳೋ ತಾನು ಪೈಲಟ್ ಆಗಬೇಕೆಂದು ಹಟ ಹಿಡಿದಾಗ ಹೊಲವನ್ನು ಒತ್ತೆಯಿಡಬೇಕೋ ಬೇಡವೋ ಎಂದು ರಾತ್ರಿ ನಿದ್ರೆಗೆಟ್ಟು ಯೋಚಿಸಬೇಕಾದವರು ತಾವು. ಆದುದರಿಂದ ಸೊಬಗಿನ ಮಾತು ತುಸು ಹಿಂದಿರಲಿ. ಈ ವೃತ್ತಿಯು ಮನುಷ್ಯನಿಂದ ಏನನ್ನು ಬೇಡುವುದೆಂಬುದನ್ನೇ ಮುಂದಿಟ್ಟುಕೊಂಡು ಮಾತನಾಡುವೆನು.

1903ನೆಯ ಇಸವಿ ಡಿಸೆಂಬರ್ 17ರಂದು ಅಮೆರಿಕದ ರೈಟ್ ಸೋದರರ ಯಂತ್ರವು ಮೊದಲ ಸಲ ನೆಲ ಬಿಟ್ಟಾಗ ಹಾರಿದ್ದು 12 ಸೆಕೆಂಡು, ದೂರ 120 ಅಡಿ. ಎಂಟು ವರ್ಷ ತುಂಬುವುದರೊಳಗೆ, 1911ರ ಫೆಬ್ರವರಿ 18ರಂದು, ಅಲಹಾಬಾದಿನಿಂದ ನೈನಿಗೆ ಯಮುನೆಯ ಮೇಲಿನಿಂದ ಟಪಾಲು ವಿಮಾನದಲ್ಲಿ ಹೋಯಿತು. ನಮ್ಮ ದೇಶದಲ್ಲಿ ವಿಮಾನ ಚಾಲಕನ ಮೊದಲ ಲೈಸೆನ್ಸು ದೊರೆತದ್ದು ಜೆ. ಆರ್. ಡಿ. ಟಾಟಾ ಅವರಿಗೆ, 1929ರ ಫೆಬ್ರವರಿ 10ರಂದು. ಮೂರು ವರ್ಷಗಳ ಮೇಲೆ, 1932ರ ಅಕ್ಟೋಬರ್ 15ರಂದು, ಅವರೇ ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ತಂದು ದೇಶದ ವಿಮಾನ ಸಾರಿಗೆಗೆ ಅಡಿಗಲ್ಲಿಟ್ಟರು.

ಟಾಟಾ ಅವರ ಒಂದು ವೃತ್ತಾಂತವನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸೊಪ್ಪದು. 1930ರಲ್ಲಿ ಇಂಗ್ಲೆಂಡಿಗೂ ಹಿಂದೂಸ್ಥಾನಕ್ಕೂ ನಡುವೆ ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ ಬಹುಮಾನವನ್ನು ಕೊಡುವೆನೆಂದು ಆಗಾ ಖಾನರು ಸಾರಿದ್ದರು. ಟಾಟಾ ಅವರು ಕರಾಚಿಯಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಹದಿನೇಳು ವರ್ಷದ ಹುಡುಗನು ಲಂಡನ್ನಿನಿಂದ ಹೊರಟನು. ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಬ್ಬರೂ ಎದುರುಬದುರಾದರು. ಹುಡುಗನ ವಿಮಾನದ ಸ್ಪಾರ್ಕ್ ಪ್ಲಗ್ ಕೆಟ್ಟು ಅವನು ಅಲ್ಲಿ ಕುಳಿತುಬಿಟ್ಟಿದ್ದನು. ಟಾಟಾ ಅವರು ತಮ್ಮಲ್ಲಿದ್ದ ಬದಲಿ ಪ್ಲಗ್ಗನ್ನು ಅವನಿಗೆ ಕೊಟ್ಟು ತಮ್ಮ ದಾರಿ ಹಿಡಿದರು. ಹುಡುಗನು ಕೆಲವೇ ಗಂಟೆಗಳ ಅಂತರದಿಂದ ಪಂದ್ಯವನ್ನು ಗೆದ್ದನು. ಅವನೇ ಮುಂದೆ 1960ರಿಂದ 1964ರ ವರೆಗೆ ಭಾರತದ ವಾಯುಸೇನೆಯ ಮುಖ್ಯಾಧಿಕಾರಿಯಾಗಿದ್ದ ಏರ್ ಮಾರ್ಷಲ್ ಇಂಜಿನಿಯರ್.

ಹೆಣ್ಣುಮಕ್ಕಳಿಗೆ ಈ ವಿದ್ಯೆ ಒಗ್ಗುವುದೇ ಎಂದು ಕೇಳುವವರು ಈಗಲೂ ಇದ್ದಾರೆ. ಲಾಹೋರಿನ ಸರಳಾ ಠಕ್ರಾಲ್ ಎಂಬ ತಾಯಿ ಸೀರೆಯುಟ್ಟು ವಿಮಾನವನ್ನೇರಿ ಲೈಸೆನ್ಸು ಪಡೆದದ್ದು 1936ರಲ್ಲಿ. ಆಗ ಆಕೆಗೆ 21 ವರ್ಷ; ಕೈಯಲ್ಲೊಂದು ಮಗುವಿತ್ತು. ಟಪಾಲು ವಿಮಾನ ನಡೆಸುತ್ತಿದ್ದ ಪತಿ 1939ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಆಕೆ ವೃತ್ತಿಯ ಲೈಸೆನ್ಸಿಗಾಗಿ ಜೋಧಪುರಕ್ಕೆ ಹೋದರೆ ಮಹಾಯುದ್ಧ ಬಂದು ಶಿಕ್ಷಣವೇ ನಿಂತುಹೋಯಿತು. ಮುಂದೆ ಆಕೆ ಚಿತ್ರಕಲೆಯನ್ನು ಕಲಿತು ಬಟ್ಟೆ, ಆಭರಣಗಳ ವಿನ್ಯಾಸದಿಂದ ಜೀವನವನ್ನು ಕಟ್ಟಿಕೊಂಡರು. ಇಂದು ವಿಮಾನ ನಡೆಸುವವರಲ್ಲಿ ಸ್ತ್ರೀಯರ ಪ್ರಮಾಣವು ಲೋಕದ ಸರಾಸರಿಗಿಂತ ನಮ್ಮ ದೇಶದಲ್ಲಿ ಬಹಳ ಹೆಚ್ಚಾಗಿದೆ. ಆ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಡ.

ಇನ್ನು ವಿದ್ಯೆಯ ವಿಷಯ. ನೆಲದ ಮೇಲೆ ಬೆಳೆದ ಬುದ್ಧಿಯು ಆಕಾಶದಲ್ಲಿ ತಲೆಕೆಳಗಾಗುವುದೆಂಬುದು ಶಿಷ್ಯನಿಗೆ ಮೊದಲ ತಿಂಗಳಲ್ಲಿಯೇ ತಿಳಿಯುತ್ತದೆ. ವಿಮಾನವನ್ನು ಎತ್ತಿ ಹಿಡಿದಿರುವುದು ಇಂಜಿನಲ್ಲ, ರೆಕ್ಕೆಯ ಮೇಲೆ ಹರಿಯುವ ಗಾಳಿ. ಮೂತಿಯನ್ನು ಅತಿಯಾಗಿ ಎತ್ತಿದರೆ ಗಾಳಿಯು ರೆಕ್ಕೆಯ ಮೈಬಿಟ್ಟು ಚದರುವುದು, ವಿಮಾನವು ಕುಸಿಯತೊಡಗುವುದು. ಆಗ ಕೈ ತಾನಾಗಿ ಚಾಲನ ದಂಡವನ್ನು ಹಿಂದಕ್ಕೆಳೆಯಲು ಹೋಗುತ್ತದೆ, ಬೀಳುವವನು ಮೇಲಕ್ಕೆ ಕೈಚಾಚುವಂತೆ. ಎಳೆದರೆ ಕೆಡುಕು ಹೆಚ್ಚುವುದು. ದಂಡವನ್ನು ಮುಂದಕ್ಕೆ ಬಿಟ್ಟು, ಬೀಳುತ್ತಿರುವ ವಿಮಾನದ ಮೂತಿಯನ್ನು ಇನ್ನೂ ಕೆಳಗೆ ಮಾಡಬೇಕು. ಗಾಳಿ ಮತ್ತೆ ರೆಕ್ಕೆಗೆ ಅಂಟಿಕೊಂಡಾಗ ಅದು ತಾನೇ ಏಳುವುದು. ಇದನ್ನು ಪುಸ್ತಕದಲ್ಲಿ ಓದಲು ಐದು ನಿಮಿಷ ಸಾಕು. ಕೈಗೆ ಒಪ್ಪಿಸಲು ಹಲವು ದಿನಗಳು ಬೇಕು.

ಮೋಡದೊಳಗೆ ಹೊಕ್ಕಾಗ ಕಣ್ಣಿನ ಆಧಾರವೂ ತಪ್ಪುವುದು. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ದೇಹದ ತೂಗಾಟವನ್ನು ತಿಳಿಸುವುದು ಅವುಗಳ ಕೆಲಸ. ವಿಮಾನವು ಬಹು ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿದರೆ ಅವಕ್ಕೆ ಗೊತ್ತೇ ಆಗದು. ಸರಿಪಡಿಸಿದಾಗ ಮಾತ್ರ ಈಗ ಇನ್ನೊಂದು ಕಡೆಗೆ ವಾಲಿತೆಂದು ಅವು ಸುಳ್ಳು ಹೇಳುತ್ತವೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣಗಳನ್ನು ನಂಬಿ ಹಾರುವ ಶಿಕ್ಷಣವಿಲ್ಲದ 20 ಮಂದಿಯನ್ನು ಹೊರಗಿನದೇನೂ ಕಾಣದ ಸ್ಥಿತಿಗೆ ತಂದು ಪರೀಕ್ಷಿಸಿದರು. ಇಪ್ಪತ್ತು ಮಂದಿಯೂ ಹತೋಟಿ ತಪ್ಪಿದರು. ಸರಾಸರಿ ಹಿಡಿದ ಕಾಲ 178 ಸೆಕೆಂಡು. ಮೂರು ನಿಮಿಷವೂ ತುಂಬಲಿಲ್ಲ. ಆದಕಾರಣ ಎದುರಿನ ಫಲಕದಲ್ಲಿ ಕೃತಕ ದಿಗಂತವೆಂಬ ಉಪಕರಣವನ್ನಿಟ್ಟು, ಮೈಯೆಲ್ಲ ಬೇರೆಯಾಗಿ ಕೂಗುತ್ತಿದ್ದರೂ ಅದು ತೋರಿದುದನ್ನೇ ನಂಬತಕ್ಕದ್ದೆಂದು ಕಲಿಸುತ್ತೇವೆ. ಜಾಣರಾದ ಹುಡುಗರಿಗೆ ಇದೇ ಹೆಚ್ಚು ಕಷ್ಟವಾಗುವುದೆಂಬುದು ನನ್ನ ಅನುಭವ.

ದೇಹವನ್ನು ನಂಬಬಾರದೆಂದಾಯಿತು, ನೆನಪನ್ನೂ ನಂಬಬಾರದು. 1935ರ ಅಕ್ಟೋಬರ್ 30ರಂದು ಅಮೆರಿಕದ ಸೈನ್ಯದ ಮುಂದೆ ಬೋಯಿಂಗ್ ಸಂಸ್ಥೆಯ ಹೊಸ ದೊಡ್ಡ ವಿಮಾನವೊಂದರ ಪರೀಕ್ಷೆ ನಡೆಯಿತು. ನಡೆಸಿದವರು ನುರಿತವರು. ಆದರೂ ನಿಂತ ವಿಮಾನವು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯುವುದು ಮರೆತುಹೋಗಿತ್ತು. ಮೇಲೇರಿದ ವಿಮಾನವು ನೆಲಕ್ಕಪ್ಪಳಿಸಿ ಇಬ್ಬರು ಮಡಿದರು. ಆಮೇಲೆ ಮಾಡಬೇಕಾದುದನ್ನೆಲ್ಲ ಒಂದು ಕಾಗದದ ಮೇಲೆ ಬರೆದು, ಪ್ರತಿ ಸಲವೂ ಓದಿ ಓದಿ ಮಾಡುವ ಕ್ರಮ ಬಂದಿತು. ಇಪ್ಪತ್ತು ಸಾವಿರ ಗಂಟೆ ಹಾರಿದ ಕ್ಯಾಪ್ಟನ್ನನೂ ಇಂದು ಬೆಳಗ್ಗೆ ಆ ಪಟ್ಟಿಯನ್ನು ಹೊಸಬನಂತೆ ಓದಿಸಿಕೊಂಡೇ ಹೊರಟಿರುತ್ತಾನೆ.

ಈಗ ಈ ಭಾಷಣದಲ್ಲಿ ನಾನು ಮುಖ್ಯವೆಂದೆಣಿಸಿದ ಸಂಗತಿಗೆ ಬರುತ್ತೇನೆ. ದೇಹ, ನೆನಪುಗಳಂತೆ ಹಿರಿತನವನ್ನೂ ಕಣ್ಣುಮುಚ್ಚಿ ನಂಬಬಾರದೆಂಬುದನ್ನು ಈ ವೃತ್ತಿಯು ಬಹಳ ಪ್ರಾಣಗಳ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ದಟ್ಟ ಮಂಜಿನ ನಡುವೆ, ಎರಡು ಭಾರಿ ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿ ಹೊಡೆದು 583 ಮಂದಿ ಸತ್ತರು. ಅಪ್ಪಣೆ ದೊರೆಯುವ ಮೊದಲೇ ಓಟ ಕಿತ್ತ ವಿಮಾನದ ಕ್ಯಾಪ್ಟನ್ ತನ್ನ ಸಂಸ್ಥೆಯಲ್ಲಿ ಉಳಿದವರಿಗೆ ಪಾಠ ಹೇಳುವ ಹಿರಿಯ. ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂದು ಜೊತೆಯ ಇಂಜಿನಿಯರನು ಸಂಶಯ ತೋರಿದನು. ಹಿರಿಯನು ಬಿಟ್ಟಿದೆ ಎಂದುಬಿಟ್ಟನು. ಕಿರಿಯನು ಸುಮ್ಮನಾದನು.

ದೂರದ ಮಾತೇಕೆ? ನಮ್ಮ ಮಂಗಳೂರಿನ ದುಃಖವನ್ನು ತಾವೆಲ್ಲರೂ ಬಲ್ಲಿರಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಗುಡ್ಡದ ಮೇಲಿನ ರನ್‌ವೇಯಲ್ಲಿ ಅರ್ಧಕ್ಕಿಂತಲೂ ಮುಂದೆ ಹೋಗಿ ನೆಲ ಮುಟ್ಟಿ, ನಿಲ್ಲಲಾರದೆ ಕಣಿವೆಗೆ ಬಿದ್ದಿತು. 166 ಮಂದಿಯಲ್ಲಿ ಉಳಿದವರು 8. ಕ್ಯಾಪ್ಟನ್ನನು 10,000 ಗಂಟೆಗೂ ಮಿಕ್ಕಿ ಹಾರಿದ್ದವನು. ವಿಮಾನವು ಇಳಿಯಲು ತಕ್ಕ ಸ್ಥಿತಿಯಲ್ಲಿಲ್ಲ, ಮರಳಿ ಮೇಲೇರಬೇಕೆಂದು ಕೋ-ಪೈಲಟ್ಟನು ಮೂರು ಸಲ ಹೇಳಿದ್ದನೆಂದೂ ಕ್ಯಾಪ್ಟನ್ನನು ಇಳಿಯುವುದನ್ನು ಬಿಡಲಿಲ್ಲವೆಂದೂ ವಿಚಾರಣೆಯಲ್ಲಿ ತಿಳಿದುಬಂದಿತು. ಆ ಹಾರಾಟದಲ್ಲಿ ಕ್ಯಾಪ್ಟನ್ನನು ಬಹಳ ಹೊತ್ತು ನಿದ್ರಿಸಿ ಎದ್ದಿದ್ದನು. ನಿದ್ರೆಯ ಮಂಪರು ಅವನ ವಿವೇಕವನ್ನು ಕುಗ್ಗಿಸಿದ್ದಿರಬಹುದೆಂದೂ ವರದಿಯಲ್ಲಿದೆ. ಸತ್ತವನನ್ನು ಹಳಿಯುವುದಕ್ಕಾಗಿ ಇದನ್ನು ನಾನು ಹೇಳುತ್ತಿಲ್ಲ. ಹೇಳಬೇಕಾದ ಮಾತನ್ನು ಆ ಕಿರಿಯನು ಹೇಳಿದ್ದನು. ಆದರೆ ಹೇಳುವ ಬಾಯಿಯಷ್ಟೇ ಕೇಳುವ ಕಿವಿಯೂ ಬೇಕು.

ಹಿರಿಯರ ಮಾತಿಗೆ ಎದುರಾಡಬಾರದೆಂದು ಬೆಳೆದ ನಮ್ಮ ಮಕ್ಕಳಿಗೆ ಇದು ಎಷ್ಟು ಕಷ್ಟವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿಕ್ಷಣದಲ್ಲಿ ಒಂದು ರೂಢಿಯಿದೆ: ಸಾಕಷ್ಟು ಎತ್ತರದಲ್ಲಿರುವಾಗ ಗುರುವು ಬೇಕೆಂದೇ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತಾ ಹೋಗಿ, ಶಿಷ್ಯನು ಏನೆನ್ನುವನೋ ಎಂದು ಕಾದು ನೋಡುವನು. ಹುಡುಗನು ಮುಳ್ಳು ಇಳಿಯುವುದನ್ನು ನೋಡುತ್ತಾನೆ. ನನ್ನ ಮುಖವನ್ನು ನೋಡುತ್ತಾನೆ. ಮತ್ತೆ ಮುಳ್ಳನ್ನು ನೋಡುತ್ತಾನೆ. ತುಟಿ ಅಲುಗಿದರೂ ಮಾತು ಹೊರಡದು. ಕೆಳಗಿಳಿದ ಮೇಲೆ ಏಕೆ ಹೇಳಲಿಲ್ಲವೆಂದು ಕೇಳಿದರೆ, "ತಮಗೆ ಗೊತ್ತಿರುತ್ತದೆ ಅಂದುಕೊಂಡೆ ಸರ್" ಎನ್ನುತ್ತಾನೆ. ಅವನ ವಿನಯವು ಸುಳ್ಳಲ್ಲ. "ಸರ್, ವೇಗ ಕಡಮೆಯಾಗಿದೆ" ಎಂದು ತಗ್ಗಿದ ದನಿಯಲ್ಲಿಯೇ ಆಗಲಿ, ತಡವಿಲ್ಲದೆ ಹೇಳುವುದೂ ವಿನಯವೇ ಎಂದು ಅವನಿಗೆ ಮನಗಾಣಿಸಬೇಕು. 1979ರಿಂದೀಚೆಗೆ ಇದಕ್ಕೆಂದೇ ಒಂದು ಪ್ರತ್ಯೇಕ ಪಾಠಕ್ರಮ ಬೆಳೆದಿದೆ. ಇಂದು ಅನೇಕ ವಿಮಾನ ಸಂಸ್ಥೆಗಳಲ್ಲಿ, ಇಳಿಯುವಾಗ ಇಬ್ಬರಲ್ಲಿ ಯಾರೇ ಮರಳಿ ಏರಬೇಕೆಂದರೂ ಇನ್ನೊಬ್ಬನು ವಾದಿಸದೆ ಏರತಕ್ಕದ್ದೆಂಬ ನಿಯಮವಿದೆ. ಮನೆಯಲ್ಲಿ ಮಕ್ಕಳು ಹಿರಿಯರ ಲೆಕ್ಕದಲ್ಲಿನ ತಪ್ಪನ್ನು ತೋರಿಸಿದರೆ ಗದರಿಸದಿರುವ ತಂದೆತಾಯಿಗಳು ಈ ಶಿಕ್ಷಣದ ಮೊದಲ ಪಾಠವನ್ನು ಖರ್ಚಿಲ್ಲದೆ ಕೊಟ್ಟಂತಾಯಿತು.

ಖರ್ಚೆಂದ ಮೇಲೆ ಅದನ್ನೂ ಹೇಳಿಬಿಡುವೆನು. ವೃತ್ತಿಯ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. 200 ಗಂಟೆಗಳ ಹಾರಾಟವಾಗಬೇಕು. ವಾಯು ನಿಯಮ, ಮಾರ್ಗಶೋಧನ, ಹವಾಶಾಸ್ತ್ರ, ಯಂತ್ರಜ್ಞಾನಗಳ ಪರೀಕ್ಷೆಗಳಲ್ಲಿ ನೂರಕ್ಕೆ 70 ಅಂಕಗಳು ಬರಬೇಕು. ರೇಡಿಯೋದಲ್ಲಿ ಮಾತನಾಡುವ ಲೈಸೆನ್ಸು ಬೇರೆ. ಕನ್ನಡದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಬೇಕಾಗಿಲ್ಲ: ಅಲ್ಲಿ ಬೇಕಾದುದು ಅಲಂಕಾರದ ಭಾಷೆಯಲ್ಲ, ಸ್ಪಷ್ಟವಾದ ಮಾತು. ಇಷ್ಟಕ್ಕೆಲ್ಲ 40 ಲಕ್ಷಕ್ಕೆ ಕಡಮೆಯಿಲ್ಲದೆ, ಬಹುಶಃ ಅದಕ್ಕಿಂತಲೂ ಹೆಚ್ಚಾಗಿ ಹಣ ಹಿಡಿಯುವುದು. ಲೈಸೆನ್ಸು ಬಂದೊಡನೆ ನೌಕರಿ ಬಂದಿತೆಂದು ತಿಳಿಯಬಾರದು. ದೊಡ್ಡ ವಿಮಾನದ ಜಾತಿಜಾತಿಗೂ ಬೇರೆ ಶಿಕ್ಷಣವಿದೆ. ಅದರ ಹಣ ಮತ್ತೆ ಲಕ್ಷಗಳಲ್ಲಿಯೇ. ಆಮೇಲೆ ಕೋ-ಪೈಲಟ್ಟನಾಗಿ ದುಡಿದು 1,500 ಗಂಟೆಗಳನ್ನು ತುಂಬಿಸಿ ಮೇಲಿನ ಲೈಸೆನ್ಸು ಪಡೆದವನಿಗಷ್ಟೇ ಕ್ಯಾಪ್ಟನ್ನನಾಗುವ ಅರ್ಹತೆ. ಆದ ಮೇಲೂ ಆರಾರು ತಿಂಗಳಿಗೆ ಪರೀಕ್ಷೆ ತಪ್ಪದು. ಮದ್ಯದ ಮಾತಂತೂ ಕೇಳಲೇಬೇಡಿರಿ. ಹಾರಾಟಕ್ಕೆ ಮೊದಲಿನ 12 ಗಂಟೆ ಅದನ್ನು ಮುಟ್ಟುವಂತಿಲ್ಲ, ಉಸಿರನ್ನು ಪರೀಕ್ಷಿಸಿಯೇ ಒಳಗೆ ಬಿಡುತ್ತಾರೆ.

ಸಂಸ್ಥೆಗಳೂ ಶಾಶ್ವತವಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದಾಗ ಒಳ್ಳೆಯ ಸಂಬಳದ ಕ್ಯಾಪ್ಟನ್ನರು ಕೂಡ ಒಂದೇ ದಿನದಲ್ಲಿ ಮನೆಯಲ್ಲಿ ಕುಳಿತರು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ನಿಂತಿದ್ದವು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಬೇಡವೇ ಎಂದು ಕೇಳಿದರೆ, ಬೇಡವೆನ್ನಲಾರೆನು. ಕ್ರಮ ಮಾತ್ರ ತಿರುಗುಮುರುಗಾಗಬಾರದು. ಹೊಲದ ಪತ್ರವನ್ನು ಪೆಟ್ಟಿಗೆಯಿಂದ ತೆಗೆಯುವುದಕ್ಕೆ ಮೊದಲು ಮಗುವಿಗೆ ಒಂದನೆಯ ವರ್ಗದ ವೈದ್ಯಪರೀಕ್ಷೆಯನ್ನು ಮಾಡಿಸಿರಿ. ಕಣ್ಣು, ಕಿವಿ, ಹೃದಯ, ಬಣ್ಣಗಳ ಗ್ರಹಿಕೆ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಕನ್ನಡಕವಿದ್ದ ಮಾತ್ರಕ್ಕೆ ತಳ್ಳಿಬಿಡುವುದಿಲ್ಲ. ಆದರೆ ಅಲ್ಲಿ ಅನರ್ಹನಾದವನಿಗೆ ಎಷ್ಟು ಲಕ್ಷ ಸುರಿದರೂ ವೃತ್ತಿಯಿಲ್ಲ. ಆ ಬಳಿಕ ಮನೆಯಲ್ಲಿಯೇ ಓದಿ ಬರೆಯಬಹುದಾದ ಪರೀಕ್ಷೆಗಳನ್ನು ಆದಷ್ಟು ಮುಗಿಸಲಿ. ಶಾಲೆಯನ್ನು ಆರಿಸುವಾಗ ಗೋಡೆಯ ಮೇಲಿನ ಚಿತ್ರಗಳನ್ನು ನೋಡದೆ, ನಡೆಯುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ, ಗುರುಗಳೆಷ್ಟು ಮಂದಿ, ಕಳೆದ ವರ್ಷ ಸೇರಿದವರು ಎಷ್ಟು ಗಂಟೆ ಹಾರಿದ್ದಾರೆಂದು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿರಿ. ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಸರ್ಕಾರಿ ಶಾಲೆಯುಂಟು. ಬೆಳಗಾವಿ, ಕಲಬುರಗಿಗಳ ವಿಮಾನ ನಿಲ್ದಾಣಗಳಲ್ಲಿ ತರಬೇತಿ ಶಾಲೆಗಳಿಗೆ ಸ್ಥಳ ಕೊಡುವುದೆಂದು 2021ರಲ್ಲಿ ತೀರ್ಮಾನವಾದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ದಾರಿ ಸ್ವಲ್ಪ ಹತ್ತಿರವಾಗಿದೆ.

ಆರಂಭದಲ್ಲಿ ಹಿಂದಕ್ಕಿಟ್ಟ ಸೊಬಗಿನ ಮಾತೊಂದು ಉಳಿದಿದೆ. ಒಂದು ದಿನ ಗುರುವು ಏನೂ ಹೇಳದೆ ಬಾಗಿಲು ತೆರೆದು ಕೆಳಗಿಳಿದು, ಇನ್ನು ನೀನೊಬ್ಬನೇ ಒಂದು ಸುತ್ತು ಹೋಗಿ ಬಾ ಎನ್ನುವನು. ಒಬ್ಬನ ಭಾರ ಇಳಿದ ಸಣ್ಣ ವಿಮಾನವು ಅಂದು ಎಂದಿಗಿಂತಲೂ ಬೇಗನೆ ನೆಲ ಬಿಡುವುದು. ಶಿಷ್ಯನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಇಳಿದು ಬಂದವನ ತಲೆಯ ಮೇಲೆ ಗೆಳೆಯರು ಕೊಡದಿಂದ ನೀರು ಸುರಿಯುವುದು ನಮ್ಮ ಶಾಲೆಗಳಲ್ಲಿ ರೂಢಿ. ಆ ಹತ್ತು ನಿಮಿಷ ಗುರುವಾದವನು ರನ್‌ವೇಯ ಅಂಚಿನಲ್ಲಿ ನಿಂತು ಏನನ್ನು ಅನುಭವಿಸುವನೆಂಬುದನ್ನು ಮಕ್ಕಳನ್ನು ಪರವೂರಿಗೆ ಕಳಿಸಿದ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯಪರೀಕ್ಷೆ, ಪಠ್ಯಪುಸ್ತಕಗಳ ವಿಚಾರವಾಗಿ ತಿಳಿಯಬಯಸುವ ವಿದ್ಯಾರ್ಥಿಗಳು ಪ್ರಸಾದವಾದ ಮೇಲೆ ಪಾಠಶಾಲೆಯ ಪಡಸಾಲೆಗೆ ಬರಲಿ. ನಾನು ಸಂಜೆಯ ವರೆಗೆ ಅಲ್ಲಿಯೇ ಇರುವೆನು. ತಂದೆತಾಯಿಗಳೂ ಜೊತೆಯಲ್ಲಿ ಬಂದರೆ ಲೆಕ್ಕದ ಮಾತು ಸುಲಭವಾಗುವುದು.