‘ಮೆಣಸಿನಕಾಯಿ’ ಎಂಬ ಅಡ್ಡಹೆಸರು

 

ಧಾರವಾಡ ಸೀಮೆಯಲ್ಲಿ ಭಕ್ತರ ಯಾದಿಯೊಂದನ್ನು ತೆರೆದು ಓದಿದರೆ ಅಂಗಡಿ, ಬೆಲ್ಲದ, ಅಕ್ಕಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳು ಕಂಡುಬರುವವು. ಪರಸ್ಥಳದವನು ಅದನ್ನು ಸಂತೆಯ ಸಾಮಾನಿನ ಚೀಟಿಯೆಂದೇ ತಿಳಿದಾನು. ಇವುಗಳಲ್ಲಿ ‘ಮೆಣಸಿನಕಾಯಿ’ ಎಂಬುದು ವಿರಳವಾದುದು. ಹೊಸಬರಿಗೆ ನಗೆ ತರಿಸತಕ್ಕುದೂ ಅಹುದು. ಆ ನಗೆಗೆ ನಾಚಿ ಹೆಸರನ್ನೇ ಬಿಡಲೆಳಸುವ ತರುಣರುಂಟು. ಹೆಸರಿನ ಮಾನ ಕಾಯಬೇಕೆಂದು, ಇದು ಬಸವಣ್ಣನವರ ಕಾಲದಿಂದಲೇ ನಡೆದುಬಂದುದೆಂದು ಹೇಳುವ ಹಿರಿಯರೂ ಉಂಟು. ಇವೆರಡೂ ಸರಿಯಲ್ಲವೆಂದು ತೋರಿಸುವದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಶಬ್ದವನ್ನು ವಿಚಾರಿಸುವದು ಯುಕ್ತವು. ‘ಮೆಣಸು’ ಎಂಬುದು ಕನ್ನಡದ ಪುರಾತನ ಶಬ್ದವು. ಮಲೆನಾಡಿನಲ್ಲಿ ಬಳ್ಳಿಗೆ ಬಿಡುವ ಕರಿಯ ಕಾಳಿಗೆ ಅದು ಹೆಸರು. ಮೆಣಸಿನಂತೆ ಖಾರವಾದ ಕಾಯಿಯೊಂದು ಹೊಸದಾಗಿ ಬಂದಾಗ ಜನರು ಅದಕ್ಕೆ ಬೇರೊಂದು ಶಬ್ದವನ್ನು ಹುಡುಕದೆ ‘ಮೆಣಸಿನ ಕಾಯಿ’ ಎಂದು ಕರೆದರು. ತಮಿಳರು ‘ಮಿಳಗು’ ಎಂಬ ಕಾಳಿನ ಹೆಸರಿನಿಂದ ‘ಮಿಳಗಾಯ್’ ಎಂದು ಮಾಡಿಕೊಂಡರು. ಸಂಸ್ಕೃತದಲ್ಲಿ ಕಾಳುಮೆಣಸಿಗಿದ್ದ ‘ಮರೀಚ’ ಎಂಬ ನಾಮದಿಂದ ಬಂದ ‘ಮಿರ್ಚ್’, ‘ಮಿರಚಿ’ ಎಂಬ ಶಬ್ದಗಳು ಉತ್ತರದ ಭಾಷೆಗಳಲ್ಲಿ ಈ ಕಾಯಿಗೂ ಸಂದವು. ಹೀಗೆ ಹಲವು ಭಾಷೆಗಳಲ್ಲಿಯೂ ಹಳೆಯ ಕಾಳಿನ ಹೆಸರೇ ಹೊಸ ಕಾಯಿಗೆ ದೊರೆತಿರುವದರಿಂದ, ಈ ಕಾಯಿಯು ಈ ದೇಶಕ್ಕೆ ಹೊರಗಿನಿಂದ ಬಂದುದೆಂದು ಶಬ್ದವೇ ಸಾಕ್ಷಿ ನುಡಿಯುವದು.

ಇತಿಹಾಸವು ಇದನ್ನೇ ದೃಢಪಡಿಸುವದು. ಮೆಣಸಿನಕಾಯಿಯ ಗಿಡದ ತವರು ಅಮೇರಿಕಾ ಖಂಡವು. ಕೊಲಂಬಸನು 1492ರಲ್ಲಿ ಆ ಖಂಡದ ದ್ವೀಪಗಳನ್ನು ಮುಟ್ಟುವವರೆಗೆ ಹಿಂದೂದೇಶದಲ್ಲಿ ಇದನ್ನು ಕಂಡವರಿಲ್ಲ. ವಾಸ್ಕೋ ದ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನು. 1510ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದರು. ಹದಿನಾರನೆಯ ಶತಮಾನದಲ್ಲಿ ಅವರ ಹಡಗುಗಳ ಮೂಲಕವೇ ಈ ಬೀಜವು ಪಡುವಣ ಕರಾವಳಿಗೆ ಬಂದು, ಬರಬರುತ್ತ ಘಟ್ಟದ ಮೇಲಣ ಎರೆಯ ಹೊಲಗಳಲ್ಲಿ ನೆಲೆನಿಂತಿತು.

ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬಗೆಬಗೆಯ ಅಡಿಗೆಗಳ ವರ್ಣನೆ ಇರುವದು. ಅಂದಿನ ಪಾಕಗಳ ಖಾರವು ಕರಿಮೆಣಸು, ಶುಂಠಿ ಮೊದಲಾದವುಗಳಿಂದ ಬಂದುದು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಮಹಾಮನೆಯ ದಾಸೋಹದಲ್ಲಿ ಉಂಡ ಶರಣರಾರೂ ಮೆಣಸಿನಕಾಯಿಯನ್ನು ನೋಡಿದವರಲ್ಲ. ಕಾಯಿಯೇ ಇಲ್ಲದ ಕಾಲದಲ್ಲಿ ಕಾಯಿಯ ಹೆಸರಿನ ಮನೆತನವು ಇರುವದೆಂತು? ಆದುದರಿಂದ ಈ ಅಡ್ಡಹೆಸರು ಹದಿನಾರನೆಯ ಶತಮಾನಕ್ಕಿಂತ ಹಿಂದಿನದಾಗಲಾರದು. ಶಾಸನವಿಲ್ಲದಿದ್ದರೂ ಹೆಸರೇ ತನ್ನ ಕಾಲದ ಮೇರೆಯನ್ನು ತಿಳಿಸುವದು. ಇಂಥ ಗುಣವುಳ್ಳ ಅಡ್ಡಹೆಸರುಗಳು ಕೆಲವೇ.

ಇನ್ನು ಈ ಹೆಸರು ಮನೆತನಕ್ಕೆ ಹತ್ತಿದ ರೀತಿ. ಒಂದು ಊರಿನಲ್ಲಿ ಬಸಪ್ಪ, ಶಿವಪ್ಪ, ಈರಪ್ಪ ಎಂಬ ಹೆಸರಿನವರು ಹತ್ತಾರು ಮಂದಿ ಇರುವರು. ಯಾವ ಬಸಪ್ಪನೆಂದು ಕೇಳಿದಾಗ, ಬೆಲ್ಲ ಮಾರುವವನು ಬೆಲ್ಲದ ಬಸಪ್ಪನೂ, ಮೆಣಸಿನಕಾಯಿಯ ವ್ಯಾಪಾರದವನು ಮೆಣಸಿನಕಾಯಿ ಬಸಪ್ಪನೂ ಆಗುವರು. ಮೊದಲಿಗೆ ಅದು ಗುರುತು. ಮಕ್ಕಳ ಕಾಲಕ್ಕೆ ಅಡ್ಡಹೆಸರು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಪ್ರಾಂತವು ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ ಬಳಿಕ, ಹೊಲದ ಉತಾರ, ಶಾಲೆಯ ದಾಖಲೆ, ನ್ಯಾಯಾಲಯದ ಕಾಗದ ಇವುಗಳಲ್ಲೆಲ್ಲ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವು ಬೇರೂರಿತು. ಬಾಯಿಮಾತಿನಲ್ಲಿ ಬದಲಾಗುತ್ತಿದ್ದ ಗುರುತು ಕಾಗದದಲ್ಲಿ ಸ್ಥಿರವಾಯಿತು. ವ್ಯಾಪಾರ ಬಿಟ್ಟರೂ ಹೆಸರು ಬಿಡಲಿಲ್ಲ.

ಈ ಹೆಸರಿನ ಮನೆಗಳು ಧಾರವಾಡ, ಹಾವೇರಿ, ಗದಗ, ಬೆಳಗಾವಿ ಈ ಭಾಗಗಳಿಗೆ ಸೇರಿದವು. ಇದಕ್ಕೆ ನೆಲವೇ ಕಾರಣವು. ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಣಸಿನಕಾಯಿಯನ್ನು ಹತ್ತಿ, ಉಳ್ಳಾಗಡ್ಡಿಗಳೊಡನೆ ಬೆಳೆಯುವ ವಾಡಿಕೆಯುಂಟು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಪೇಟೆಯು ಇದಕ್ಕೆ ಹೆಸರಾದುದು. ಸುಕ್ಕುಸುಕ್ಕಾದ, ಬಣ್ಣ ಬಹಳವಾಗಿ ಖಾರ ಕಡಿಮೆಯಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹಳೆಯ ಮೈಸೂರಿನ ಕಡೆಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬರೆಯುವದೇ ರೂಢಿಯಾದುದರಿಂದ ಅಲ್ಲಿ ಇಂಥ ಅಡ್ಡಹೆಸರುಗಳು ಬೆಳೆಯಲಿಲ್ಲ. ಜನಗಣತಿಯು ಅಡ್ಡಹೆಸರುಗಳನ್ನು ಎಣಿಸಿ ಪ್ರಕಟಿಸುವದಿಲ್ಲ. ಆದರೂ ಪಾಟೀಲ, ಹಿರೇಮಠ, ಅಂಗಡಿ ಮೊದಲಾದವುಗಳ ಎದುರಿಗೆ ಇದು ಅತ್ಯಲ್ಪವೆಂಬುದು ಈ ಸೀಮೆಯವರೆಲ್ಲ ಬಲ್ಲ ಮಾತು. ಮತ್ತೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಒಂದೊಂದು ಊರಿನ ಪೇಟೆಯೂ ತನ್ನ ವ್ಯಾಪಾರಿಗೆ ತಾನೇ ಹೆಸರಿಟ್ಟುದರಿಂದ, ಹೆಸರೊಂದೇ ಆದ ಮಾತ್ರಕ್ಕೆ ಈ ಮನೆಗಳೆಲ್ಲ ಒಂದೇ ವಂಶದವೆಂದು ಹೇಳಲಾಗದು.

ಹೆಸರು ಪುರಾತನವಲ್ಲವೆಂದ ಮೇಲೆ ಅದರ ಮಾನವು ಕುಂದಿತೇ? ಕುಂದಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಇವರ ಹೆಸರುಗಳನ್ನು ನೋಡಬಹುದು. ಅರಿವೆ ಒಗೆಯುವದು, ದೋಣಿ ನಡೆಸುವದು, ಬುಟ್ಟಿ ಹೆಣೆಯುವದು, ಹಗ್ಗ ಹೊಸೆಯುವದು, ತಾಂಬೂಲ ಕೊಡುವದು, ಇವೇ ಆ ಮಹಾತ್ಮರ ಹೆಸರಿನ ಮೊದಲ ಭಾಗವು. ಲೋಕವು ಕೀಳೆಂದ ಕೆಲಸವನ್ನು ಅವರು ಹೆಸರಿನಿಂದ ಕಳೆಯಲಿಲ್ಲ, ಮುಂದೆ ಹಿಡಿದು ನಡೆದರು. ಕಾಯಕವನ್ನು ಹೆಸರಿನಲ್ಲಿ ಹೊರುವ ಪದ್ಧತಿಯು ಹಳೆಯದು. ‘ಮೆಣಸಿನಕಾಯಿ’ ಎಂಬುದು ಆ ಪದ್ಧತಿಯ ಈಚಿನ ಕುಡಿಯು. ಶರಣರೊಡನೆ ಇದಕ್ಕಿರುವ ಸಂಬಂಧವು ರಕ್ತದ್ದಲ್ಲ, ನಡೆಯದು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯವು. ಶರಣರ ಹೆಸರು ಅವರವರು ಮಾಡಿದ ಕಾಯಕವನ್ನು ತಿಳಿಸಿತು. ಇಂದಿನ ಅಡ್ಡಹೆಸರು ಅಜ್ಜಂದಿರ ಕಾಯಕವನ್ನು ತಿಳಿಸುವದು. ಅಜ್ಜನ ಬೆವರನ್ನು ತೋರಿಸಿ ಮೊಮ್ಮಗನು ಕುಲದ ಹೆಮ್ಮೆ ಪಟ್ಟರೆ, ಶರಣರು ಅಳಿಸಹೊರಟ ಜನ್ಮಾಭಿಮಾನವನ್ನೇ ಮತ್ತೆ ಮನೆಯೊಳಗೆ ಕರೆದಂತಾಗುವದು. ಹೆಸರು ಆಸ್ತಿಯಲ್ಲ, ಋಣವು. ಕಚೇರಿಯಲ್ಲಿಯೋ ಯಂತ್ರಶಾಲೆಯಲ್ಲಿಯೋ ದುಡಿಯುವ ತರುಣನು ತನ್ನ ಕೆಲಸವನ್ನು ಸತ್ಯಶುದ್ಧವಾಗಿ ಮಾಡಿದರೆ ಆ ಋಣವು ಸಲ್ಲುವದು.

ಆದಕಾರಣ, ಈ ಹೆಸರಿನ ಮನೆಯ ತಾಯಿತಂದೆಗಳಲ್ಲಿ ವಿನಂತಿಯಿಷ್ಟೇ. ಶಾಲೆಯಲ್ಲಿ ಗೆಳೆಯರು ನಕ್ಕರೆಂದು ಕೂಸು ಅಳುತ್ತ ಬಂದರೆ ಹೆಸರನ್ನು ತಿದ್ದಲು ಅರ್ಜಿ ಬರೆಯಬೇಡಿರಿ. ಸಾಗರದಾಚೆಯಿಂದ ಬಂದ ಬೀಜವೊಂದು ಈ ಎರೆನೆಲದಲ್ಲಿ ಬೇರುಬಿಟ್ಟು ಬಡವನ ರೊಟ್ಟಿಗೆ ರುಚಿಯಾದ ಕಥೆಯನ್ನೂ, ಅದನ್ನು ಚೀಲದಲ್ಲಿ ಕಟ್ಟಿ ಸಂತೆಯಿಂದ ಸಂತೆಗೆ ಹೊತ್ತ ಹಿರಿಯರ ದುಡಿಮೆಯನ್ನೂ ಹೇಳಿರಿ. ಕೇಳಿದ ಕೂಸು ಮರುದಿನ ತನ್ನ ಹೆಸರನ್ನು ಪೂರ್ಣವಾಗಿ ಹೇಳುವದು.