ಅಂಗಳಕ್ಕೆ ಕಲ್ಲು ಹಾಸಿಸುವ ಮುಂಚೆ

(ಕಲಿಕಾ ಕೇಂದ್ರದಲ್ಲಿ ಗಾರೆ ಕೆಲಸದ ಮಹಿಳೆಯೊಬ್ಬರು ಆಡಿದ ಮಾತು)



ನಾನು ಗಾರೆ ಕೆಲಸದವಳು. ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತಿದ್ದೇನೆ. ಈಗ ಕಲ್ಲು ಹಾಸುವ ಕೆಲಸವನ್ನೂ ಮಾಡುತ್ತೇನೆ. ಭಾಷಣ ಮಾಡಿ ಅಭ್ಯಾಸ ಇಲ್ಲ. ಗೊತ್ತಿರೋದನ್ನ ಹೇಳ್ತೀನಿ, ಕೇಳಿ.

ಈಗ ಹಳ್ಳಿಗಳಲ್ಲೂ ಮನೆ ಮುಂದೆ ಸಿಮೆಂಟ್ ಕಲ್ಲು ಹಾಸಿಸುತ್ತಾರೆ. ಅದಕ್ಕೆ ಪೇವರ್ ಅಂತಾರೆ. ಇಂಟರ್‌ಲಾಕ್ ಅಂತಲೂ ಅಂತಾರೆ. ಹಾಸಿದ ಮೇಲೆ ಮಳೆಗಾಲದಲ್ಲಿ ಕೆಸರಿಲ್ಲ. ಗುಡಿಸುವುದು ಸುಲಭ. ಕಾಳುಕಡಿ ಒಣಗಿಸಬಹುದು. ಒಳ್ಳೆಯದೇ. ಆದರೆ ಅದಕ್ಕೆ ದುಡ್ಡು ಬೇಕು. ಆ ದುಡ್ಡು ಎಲ್ಲಿಂದ ಬರುತ್ತದೆ? ಸಂಘದ ಸಾಲದಿಂದ. ಇಲ್ಲವೇ ಕರು ಮಾರಿದ ಹಣದಿಂದ. ಅದು ಮಣ್ಣುಪಾಲು ಆಗಬಾರದಲ್ಲ?

ಕಲ್ಲು ಹಾಸಿಸುವಾಗ ನೀವು ಏನು ನೋಡ್ತೀರಿ? ಬಣ್ಣ ನೋಡ್ತೀರಿ. ಕೆಂಪು ಚೆನ್ನವೋ, ಹಳದಿ ಚೆನ್ನವೋ ಅಂತ. ನಾನು ಹೇಳೋದು ಬೇರೆ. ಕಲ್ಲಿನ ಕೆಳಗೆ ಏನು ಹಾಕ್ತಾರೆ ಅಂತ ನೋಡಿ. ಅಂಗಳ ಬಾಳುವುದು ತಳದಿಂದ. ಮೋಸ ಆಗುವುದೂ ತಳದಲ್ಲೇ. ಕಲ್ಲು ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಪಕ್ಕದ ಊರಿನಲ್ಲಿ ಒಬ್ಬ ಅಕ್ಕ ಇದ್ದಾಳೆ. ಸಾಲ ತೆಗೆದು ಅಂಗಳ ಮಾಡಿಸಿದಳು. ಮೇಸ್ತ್ರಿ ಎರಡೇ ದಿನದಲ್ಲಿ ಕೆಲಸ ಮುಗಿಸಿದ. ನೋಡೋಕೆ ಚೆಂದ ಇತ್ತು. ಅವನು ಒಂದು ಕಾಗದ ತಂದ. "ಲೆಕ್ಕಕ್ಕೆ ಬೇಕು, ಹೆಬ್ಬೆಟ್ಟು ಒತ್ತಮ್ಮ" ಅಂದ. ಅವಳು ಒತ್ತಿದಳು. ಪೂರ್ತಿ ಹಣ ಕೊಟ್ಟಳು. ಮೊದಲ ದೊಡ್ಡ ಮಳೆಗೆ ಬಚ್ಚಲ ಕಡೆಯ ಕಲ್ಲು ಕುಸಿಯಿತು. ನೀರು ಹೊಸ್ತಿಲಿಗೆ ಬಂತು. ಮೇಸ್ತ್ರಿಯನ್ನು ಕರೆದರೆ ಅವನು ಆ ಕಾಗದ ತೋರಿಸಿದ. ಅದರಲ್ಲಿ ಏನು ಬರೆದಿತ್ತು ಗೊತ್ತಾ? "ಕೆಲಸ ಸರಿಯಾಗಿ ಆಗಿದೆ. ನನ್ನದು ಯಾವ ತಕರಾರೂ ಇಲ್ಲ." ಅವಳು ಸಾಲದ ಕಂತನ್ನು ಇನ್ನೂ ಕಟ್ಟುತ್ತಿದ್ದಾಳೆ.

ನಾನೂ ಹೋಗಿ ನೋಡಿದೆ. ನಾಲ್ಕು ಕಲ್ಲು ಎತ್ತಿದೆವು. ಕೆಳಗೆ ಬರೀ ಎರೆಮಣ್ಣು. ಅದರ ಮೇಲೆ ಒಂದು ಹಿಡಿ ಮರಳು. ಅಷ್ಟೇ.

ನಮ್ಮದು ಎರೆ ಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ಇಟ್ಟ ಕಲ್ಲು ನಿಲ್ಲುತ್ತದಾ? ಅದಕ್ಕೇ ಮೊದಲು ಆ ಮಣ್ಣನ್ನು ಅಗೆದು ತೆಗೆಯಬೇಕು. ಗ್ರಾವೆಲ್ ಮಣ್ಣು ತುಂಬಬೇಕು. ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಒಂದೇ ಸಲಕ್ಕೆ ಎಲ್ಲ ಸುರಿದು ಕುಟ್ಟಿದರೆ ಮೇಲೆ ಮಾತ್ರ ಗಟ್ಟಿ ಆಗುತ್ತದೆ, ಒಳಗೆ ಪೊಳ್ಳು. ಸ್ವಲ್ಪ ಹಾಕಿ ಕುಟ್ಟಬೇಕು, ಮತ್ತೆ ಹಾಕಿ ಕುಟ್ಟಬೇಕು. ಅದರ ಮೇಲೆ ಜಲ್ಲಿ ಮತ್ತು ಜಲ್ಲಿಪುಡಿ. ಜನ ಓಡಾಡುವ ಅಂಗಳಕ್ಕೆ ಕುಟ್ಟಿದ ಮೇಲೆ ನಾಲ್ಕು ಇಂಚು ಜಲ್ಲಿ ಇರಲಿ. ಕಾರು ಬಂದು ನಿಲ್ಲುವುದಾದರೆ ಆರು ಇಂಚು ಬೇಕು. ಟ್ರ್ಯಾಕ್ಟರ್ ಬರುವುದಾದರೆ ಇನ್ನೂ ಹೆಚ್ಚು.

ಅದರ ಮೇಲೆ ಮರಳು ಅಥವಾ ಎಂ ಸ್ಯಾಂಡ್. ಇದು ಒಂದೂವರೆ ಇಂಚು ಮೀರಬಾರದು. ತಳದ ತಗ್ಗನ್ನು ಮರಳಿನಿಂದಲೇ ಮುಚ್ಚುವ ಮೇಸ್ತ್ರಿಗಳು ಇದ್ದಾರೆ. ಮರಳು ಜಾರುತ್ತದೆ. ಆಗ ಕಲ್ಲು ಕೂರುತ್ತದೆ.

ಅಂಚನ್ನು ಮರೆಯಬೇಡಿ. ಸುತ್ತಲೂ ಅಂಚುಕಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸಬೇಕು. ಇಲ್ಲದಿದ್ದರೆ ಕೊನೆಯ ಸಾಲು ಹೊರಗೆ ಜಾರುತ್ತದೆ. ಅದರ ಹಿಂದೆ ಉಳಿದವೂ ಸಡಿಲ ಆಗುತ್ತವೆ.

ಇನ್ನು ವಾಟ. ನೀರು ಮನೆಯಿಂದ ಆಚೆ ಹರಿಯಬೇಕು. ಹತ್ತು ಅಡಿ ಉದ್ದಕ್ಕೆ ಎರಡೂವರೆ ಇಂಚು ಇಳಿಜಾರು ಇರಲಿ. ಪಕ್ಕದ ಮನೆಯ ಗೋಡೆಗೆ ನೀರು ಬಿಡಬೇಡಿ, ಜಗಳ ತಪ್ಪೋದಿಲ್ಲ. ತಳ ಕುಟ್ಟಿದ ಮೇಲೆ, ಕಲ್ಲು ಇಡುವ ಮೊದಲೇ ದಾರ ಕಟ್ಟಿ ವಾಟ ತೋರಿಸು ಅಂತ ಮೇಸ್ತ್ರಿಗೆ ಹೇಳಿ. ಹಾಸಿದ ಮೇಲೆ ಒಂದು ಕೊಡ ನೀರು ಸುರಿದು ನೋಡಿ. ಆ ನೀರು ಸುಳ್ಳು ಹೇಳೋದಿಲ್ಲ.

ಕಲ್ಲಿನ ಬಗ್ಗೆ ಎರಡು ಮಾತು. ಈ ಕಲ್ಲಿಗೆ ಸರ್ಕಾರದ ಮಾನಕ ಇದೆ. ಅದರ ಸಂಖ್ಯೆ ಐ.ಎಸ್. 15658. ಬಿಲ್ಲಿನ ಮೇಲೆ ಆ ಸಂಖ್ಯೆ ಬರೆಸಿ. ಬರೀ ಓಡಾಡುವ ಜಾಗಕ್ಕೆ 5 ಸೆಂಟಿಮೀಟರ್ ದಪ್ಪ ಸಾಕು. ಸ್ಕೂಟರ್, ಕಾರು ಬರುವುದಾದರೆ 6 ಸೆಂಟಿಮೀಟರ್ ಬೇಕು. ಟೇಪು ಹಿಡಿದು ನೀವೇ ನೋಡಿ. ಎರಡು ಕಲ್ಲು ತಟ್ಟಿದರೆ ಟಣ್ ಅನ್ನಬೇಕು. ಮೊಳೆಯಿಂದ ಗೀರಿದರೆ ಪುಡಿ ಉದುರಬಾರದು. ನಿನ್ನೆ ಮೊನ್ನೆ ಅಚ್ಚು ಹೊಡೆದ ಹಸಿ ಕಲ್ಲು ಬೇಡ. ಸಿಮೆಂಟು ಪೂರ್ತಿ ಬಲ ಪಡೆಯೋಕೆ 28 ದಿನ ಹಿಡಿಯುತ್ತದೆ ಅಂತ ಲೆಕ್ಕ.

ಈಗ ಅಳತೆ. ಉದ್ದವನ್ನು ಅಗಲದಿಂದ ಗುಣಿಸಿದರೆ ಚದರಡಿ ಸಿಗುತ್ತದೆ. ಅಂಗಳ 20 ಅಡಿ ಉದ್ದ, 15 ಅಡಿ ಅಗಲ ಅಂತ ಇಟ್ಟುಕೊಳ್ಳಿ. 20 × 15 = 300 ಚದರಡಿ. ಮೇಸ್ತ್ರಿ ಚದರಡಿಗೆ 70 ರೂಪಾಯಿ ಅಂದ ಅನ್ನಿ. 300 × 70 = 21,000 ರೂಪಾಯಿ. ಅವನು ಅಗಲವನ್ನು 16 ಅಡಿ ಅಂತ ಬರೆದುಕೊಂಡರೆ? 320 ಚದರಡಿ ಆಗುತ್ತದೆ. 22,400 ರೂಪಾಯಿ. ಒಂದೇ ಅಡಿಗೆ 1,400 ರೂಪಾಯಿ ಹೆಚ್ಚು! ತುಳಸಿಕಟ್ಟೆ 4 ಅಡಿ ಉದ್ದ, 4 ಅಡಿ ಅಗಲ ಇದ್ದರೆ 16 ಚದರಡಿ ಕಳೆಯಬೇಕು. ಅದು 1,120 ರೂಪಾಯಿ. ಟೇಪಿನ ಒಂದು ತುದಿ ಅವನು ಹಿಡಿಯಲಿ, ಇನ್ನೊಂದು ತುದಿ ನೀವು ಹಿಡಿಯಿರಿ.

ಮೇಸ್ತ್ರಿಯನ್ನು ಗೊತ್ತು ಮಾಡುವ ಮೊದಲು ಅವನು ಹಾಸಿದ ಹಳೆಯ ಅಂಗಳ ನೋಡಿ. ಹೊಸದು ನೋಡಬೇಡಿ, ಹೊಸದು ಎಲ್ಲವೂ ಚೆಂದ. ಎರಡು ಮಳೆಗಾಲ ಕಂಡದ್ದು ನೋಡಿ. ಆ ಮನೆಯ ಹೆಂಗಸರನ್ನೇ ಕೇಳಿ. ಕರೆದರೆ ಬರ್ತಾನಾ, ಫೋನ್ ಎತ್ತುತ್ತಾನಾ ಅಂತ.

ಆಮೇಲೆ ಚೀಟಿ. ಹೀಗೆ ಬರೆಯಿರಿ. "ಅಂಗಳದ ಅಳತೆ 300 ಚದರಡಿ. ಎರೆಮಣ್ಣು ತೆಗೆದು ಗ್ರಾವೆಲ್ ಹಾಕಿ ದಮ್ಮಸು ಮಾಡುವುದು. ಮೇಲೆ ನಾಲ್ಕು ಇಂಚು ಜಲ್ಲಿ. ಕಲ್ಲು 6 ಸೆಂಟಿಮೀಟರ್ ದಪ್ಪ. ಅಂಚುಕಲ್ಲು ಸೇರಿದೆ. ಸಾಮಾನು, ಕೂಲಿ ಎಲ್ಲ ಸೇರಿ ಚದರಡಿಗೆ 70 ರೂಪಾಯಿ. ಒಂದು ವರ್ಷದ ಒಳಗೆ ಕುಸಿದರೆ ಮೇಸ್ತ್ರಿಯೇ ಸರಿ ಮಾಡಿಕೊಡುವುದು." ಕೆಳಗೆ ತಾರೀಖು, ಇಬ್ಬರ ಸಹಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಓದದೆ ಹಾಕಬೇಡಿ. ಅವನು ಅವಸರ ಮಾಡಿದರೆ ಮಾಡಲಿ. ನೀವು ಅಕ್ಷರ ಅಕ್ಷರ ಕೂಡಿಸಿ ನಿಧಾನವಾಗಿ ಓದಿ.

ಹಣವನ್ನು ಒಮ್ಮೆಗೇ ಕೊಡಬೇಡಿ. 21,000 ರೂಪಾಯಿಯ ಕೆಲಸಕ್ಕೆ ಮುಂಗಡ 5,000 ಕೊಡಿ. ತಳ ಕುಟ್ಟಿದ್ದನ್ನು ನೋಡಿದ ಮೇಲೆ 6,000 ಕೊಡಿ. ಕಲ್ಲು ಹಾಸಿದ ಮೇಲೆ 6,000 ಕೊಡಿ. ಉಳಿದ 4,000 ಒಂದು ಒಳ್ಳೆ ಮಳೆ ಬಂದ ಮೇಲೆ. ಇದನ್ನೂ ಚೀಟಿಯಲ್ಲಿ ಬರೆಸಿ. ಆದರೆ ಒಂದು ಮಾತು, ನಾನೂ ಕೂಲಿ ಮಾಡಿದವಳು. ಕೆಲಸ ಸರಿ ಇದ್ದರೆ ಹೇಳಿದ ದಿನ ಕೊಟ್ಟುಬಿಡಿ. ಅಲೆಸಬೇಡಿ. ಬಾಂಡ್ಲಿ ಹೊತ್ತ ಹೆಂಗಸಿನ ಮನೆಯಲ್ಲೂ ಸಂಜೆ ಒಲೆ ಹೊತ್ತಬೇಕು.

ಕೆಲಸ ಕೆಟ್ಟರೆ, ಮೇಸ್ತ್ರಿ ಬರದಿದ್ದರೆ ಏನು ಮಾಡಬೇಕು? ಗ್ರಾಹಕರ ಸಹಾಯವಾಣಿ 1915 ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. 2019 ರ ಕಾಯ್ದೆ ಇದೆ. ಎರಡು ವರ್ಷದ ಒಳಗೆ ಕೊಡಬೇಕು. ಕೆಲಸಕ್ಕೆ ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕ ಇಲ್ಲ. ಅಲ್ಲಿ ಹೋದಾಗ ನಿಮ್ಮ ಚೀಟಿ, ಬಿಲ್ಲು ಕೈಯಲ್ಲಿ ಇರಬೇಕು.

ಕೊನೆಗೆ ರಿಪೇರಿ. ಒಂದು ಕಡೆ ಕುಸಿದರೆ "ಎಲ್ಲ ಕಿತ್ತು ಹೊಸದು ಹಾಕಬೇಕು" ಅಂತಾರೆ. ನಂಬಬೇಡಿ. ಈ ಕಲ್ಲಿನ ಗುಣವೇ ಎತ್ತಿ ಮತ್ತೆ ಇಡಬಹುದು ಅನ್ನೋದು. ಮೊದಲು ನಲ್ಲಿ ಪೈಪು, ಬಚ್ಚಲ ಪೈಪು ಸೋರುತ್ತಿದೆಯಾ ನೋಡಿಸಿ. ಕುಸಿದ ಜಾಗದ ಕಲ್ಲು ಎತ್ತಿಸಿ. ತಳಕ್ಕೆ ಜಲ್ಲಿ ಹಾಕಿ ಕುಟ್ಟಿಸಿ. ಅದೇ ಕಲ್ಲು ಮತ್ತೆ ಇಟ್ಟು ಸಂದಿಗೆ ಸಣ್ಣ ಮರಳು ಗುಡಿಸಿ ತುಂಬಿಸಿ. ಸಂದಿಗೆ ಸಿಮೆಂಟ್ ಹಾಲು ಹುಯ್ಯಲು ಬಿಡಬೇಡಿ. ಅದು ಬಿರುಕು ಬಿಡುತ್ತದೆ. ಮುಂದೆ ಕಲ್ಲು ಎತ್ತಲೂ ಬರುವುದಿಲ್ಲ.

ಕಲ್ಲು ತರಿಸುವಾಗಲೇ ಹತ್ತು ಹೆಚ್ಚಿಗೆ ತರಿಸಿ ಹಿತ್ತಲಲ್ಲಿ ಇಟ್ಟುಕೊಳ್ಳಿ. ಆಮೇಲೆ ಅದೇ ಬಣ್ಣ, ಅದೇ ಅಚ್ಚು ಸಿಗುವುದು ಕಷ್ಟ.

ನಾನು ಟೇಪು ತಂದಿದ್ದೇನೆ. ಬನ್ನಿ, ಈ ಕೇಂದ್ರದ ಅಂಗಳ ಅಳೆಯೋಣ. ಹಲಗೆ ಮೇಲೆ ಲೆಕ್ಕ ಯಾರು ಬರೀತೀರಿ?